ಗಡ್ಡದಾತ ಮತ್ತು ಮೋಟುಗೂದಲಿನಾಕೆ

ಪಚಕ್, ಪಚಕ್ ಎಂದು ಸಸಿಯ ಕಟ್ಟುಗಳು ಕೆಸರಿಗೆ ಬೀಳುತ್ತಿದ್ದವು. ಬದುವಿನ ಮೇಲೆ ನಿಂತು ಎಸೆಯುತ್ತಿದ್ದವಳು ದುರುಗವ್ವ. ಮರಳಿ ಎಂಬ ಊರಿನಲ್ಲಿ ಭತ್ತ ನಾಟಿ ಮಾಡುವ ಹೆಂಗಸರ ಗುಂಪಿಗೆ ಅವಳೇ ಹಿರಿಯಳು. ಯಾರ ಗದ್ದೆಗೆ ಮೊದಲು ಹೋಗಬೇಕು, ಸಾಲಿನಲ್ಲಿ ಯಾರ ಪಕ್ಕ ಯಾರು ನಿಲ್ಲಬೇಕು, ಎಲ್ಲವೂ ಅವಳ ಮಾತಿನಂತೆ. ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ದಿನವಿಡೀ ವಾರ್ತೆ ಹಾಕುತ್ತಾಳೆ. ಹಾಡು ಹಾಕಿದರೆ ಹೆಂಗಸರ ಕೈ ನಿಧಾನವಾಗುತ್ತದೆ, ವಾರ್ತೆ ಹಾಕಿದರೆ ಬೈಯುತ್ತ ಬೈಯುತ್ತ ಬೇಗ ನೆಡುತ್ತಾರೆ ಎಂಬುದು ಅವಳ ಅನುಭವ.

ಆದರೆ ಈ ಸಲ ಪಂಚಾಯತಿ ಚುನಾವಣೆ ಅವಳ ಸಾಲನ್ನೇ ಕೆಡಿಸಿತ್ತು. ಗುಂಪಿನ ಕಳಕಮ್ಮನ ಮೈದುನ, ಪಾರ್ವತೆಮ್ಮನ ಅಣ್ಣ ಎದುರುಬದುರು ನಿಂತಿದ್ದರು. ಇಬ್ಬರೂ ಸೋತರು. ಮೂರನೆಯವನೊಬ್ಬ ಗೆದ್ದ. ಅಂದಿನಿಂದ ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದ ಗೆಳತಿಯರಿಬ್ಬರೂ ಮಾತು ಬಿಟ್ಟರು. ನಾಟಿಯವರು ಒಬ್ಬರಿಗೊಬ್ಬರು ತಾಗಿಕೊಂಡೇ ಹಿಂದೆ ಹಿಂದೆ ಸರಿಯಬೇಕು. ಇವರಿಬ್ಬರ ನಡುವೆ ಬಂಡಿ ಹೋಗುವಷ್ಟು ಜಾಗ. ಅಲ್ಲಿ ನಿಂತವರಿಗೆ ಎರಡೂ ಕಡೆಯಿಂದ ಮೊಣಕೈ ತಿವಿತ ಬೀಳುವುದರಿಂದ ಮತ್ಯಾರೂ ಒಪ್ಪುತ್ತಿರಲಿಲ್ಲ. ಹಸಿರಿನ ನಡುವೆ ಉದ್ದಕ್ಕೂ ಬರೀ ಕೆಸರಿನ ಪಟ್ಟಿ ಉಳಿಯಿತು.

ಗದ್ದೆಯ ಮಾಲೀಕ ಗೋವಿಂದರಾಜ ಬಂದು ನೋಡಿದ.

"ದುರುಗಮ್ಮ, ನಾ ಭತ್ತ ಹಚ್ಚ್ರಿ ಅಂದ್ರ ನೀವು ರೋಡ್ ಮಾಡೀರಲ್ರಿ! ನಾಳಿಗೂ ಹಿಂಗಾದ್ರ ನವಲಿ ಊರಿನ ಗುಂಪು ಕರಸ್ತೀನಿ ನೋಡ್ರಿ."

ದುರುಗವ್ವನಿಗೆ ಗೊತ್ತು: ಒಮ್ಮೆ ಕೈತಪ್ಪಿದ ಗದ್ದೆ ಮತ್ತೆ ಸಿಗುವುದಿಲ್ಲ. ಗದ್ದೆ ಹೋದರೆ ಗುಂಪೂ ಚದುರುತ್ತದೆ.

ಅದೇ ಹೊತ್ತಿಗೆ ಮೊಬೈಲಿನಲ್ಲಿ ಯುರೋಪಿನ ಒಂದು ಪುಟ್ಟ ದೇಶದ ಅಧ್ಯಕ್ಷರ ಚುನಾವಣೆಯ ಸುದ್ದಿ ಬಂತು. ಕಣದಲ್ಲಿ ಉಳಿದವರು ಇಬ್ಬರೇ, ಮರುದಿನವೇ ಫಲಿತಾಂಶ. ಅವರ ಹೆಸರು ಯಾರ ನಾಲಗೆಗೂ ಹೊರಳಲಿಲ್ಲ. ದುರುಗವ್ವ ಕೆಸರಿಗಿಳಿದು ಇಬ್ಬರಿಗೂ ಚಿತ್ರ ತೋರಿಸಿದಳು.

"ಕಳಕವ್ವ, ಈ ಗಡ್ಡದಾಂವ ನಿನ್ನಾಂವ. ಪಾರವ್ವ, ಈ ಮೋಟಗೂದಲದಾಕಿ ನಿನ್ನಾಕಿ. ಬೈದಾಡೂದಿದ್ರ ಇವರ ಸಲುವಾಗಿ ಬೈದಾಡ್ರಿ. ಅಲ್ಲಿ ಯಾರ ಮೈದುನನೂ ನಿಂತಿಲ್ಲ, ಯಾರ ಅಣ್ಣನೂ ನಿಂತಿಲ್ಲ."

ಇಬ್ಬರೂ ಬಗ್ಗಿ ನಾಲ್ಕು ಸಸಿ ನೆಟ್ಟರು. ಆಮೇಲೆ ಕಳಕಮ್ಮ ಕೆಸರಿಗೆ ಹೇಳುವಂತೆ ಹೇಳಿದಳು: "ಗಡ್ಡ ಬೆಳ್ಳಗಾಗೈತಿ ಅಂದಮ್ಯಾಗ ಬುದ್ಧಿ ಇರಬೇಕು."

ಪಾರ್ವತೆಮ್ಮ ಆಚೆಯ ಬದುವಿಗೆ ಹೇಳಿದಳು: "ಹಂಗಾದ್ರ ನಮ್ಮನಿ ಹೋತನ್ನ ತಹಶೀಲ್ದಾರ ಮಾಡಬೇಕು."

"ಏನಂದಿ?" ಸರಿಯಾಗಿ ಕೇಳಿಸದೆ ಕಳಕಮ್ಮ ಒಂದು ಹೆಜ್ಜೆ ಈಚೆ ಬಂದಳು.

"ನಿಮ್ಮ ಗಡ್ಡಪ್ಪ ಕಾಲುವಿ ಕೊನಿ ಹೊಲಕ್ಕ ನೀರು ಬಿಡ್ತಾನೇನು ಕೇಳು ಅಂದ್ನಿ." ಇವಳೂ ಒಂದು ಹೆಜ್ಜೆ ಸರಿದಳು.

"ನಿಮ್ಮಾಕಿ ಬಿಡ್ತಾಳ? ಬಾಚ್ಕೊಳ್ಳಾಕ ಬ್ಯಾಸರಾಗಿ ಕೂದ್ಲಾ ಕತ್ತರಿಸ್ಯಾಳ. ದೇಶ ಏನ್ ಹಸನ ಮಾಡ್ತಾಳಬೇ ಆಕಿ!"

ಸಾಲಿಗೆ ಸಾಲೇ ನಕ್ಕಿತು. ಬೈಗುಳ ಬೆಳೆದಂತೆ ಪಟ್ಟಿ ಕಿರಿದಾಯಿತು. ಮಧ್ಯಾಹ್ನ ಕಳಕಮ್ಮ ಎದುರಾಳಿಯ ರೊಟ್ಟಿಯ ಮೇಲೆ ಪುಂಡಿಪಲ್ಯ ಬಡಿದಳು: "ತಿನ್ನು. ನಾಳೆ ಸೋತಮ್ಯಾಗ ಅಳಾಕ ಶಕ್ತಿ ಬೇಕಲ್ಲ."

ಮರುದಿನ ಸೋತವನು ಗಡ್ಡದವನೇ. ಕಳಕಮ್ಮನ ಮುಖ ಬಾಡಿತು, ಕೈ ನಿಂತಿತು. ಮೈದುನ ಸೋತಾಗಲೂ ಅವಳು ಇಷ್ಟು ಕಳೆಗುಂದಿರಲಿಲ್ಲ. ಮತ್ತೆ ಎಲ್ಲಿ ದೂರ ಸರಿಯುತ್ತಾಳೋ ಎಂದು ದುರುಗವ್ವ ಅವಳ ಕಾಲನ್ನೇ ನೋಡುತ್ತ ನಿಂತಳು.

ಪಾರ್ವತೆಮ್ಮನೇ ಅವಳಿಗೆ ಒತ್ತಿಕೊಂಡು ನಿಂತಳು. "ಇರ್ಲಿ ಬಿಡಬೇ. ಮುದುಕಾ ಮನ್ಯಾಗ ಆರಾಮ ಇರ್ತಾನ."

"ಅಷ್ಟ ಅಂತೀಯೇನು?" ಕಣ್ಣೊರೆಸಿಕೊಳ್ಳಲು ಹೋಗಿ ಕಳಕಮ್ಮ ಕೆನ್ನೆಗೆಲ್ಲ ಕೆಸರು ಬಳಿದುಕೊಂಡಳು. ಆಮೇಲೆ ಏನೋ ಹೊಳೆದಂತೆ ತಲೆಯೆತ್ತಿದಳು. "ಅಲ್ಲಬೇ ದುರುಗಕ್ಕ, ನೀ ಯಾರ ಕಡೆ ಇದ್ದಿ?"

"ಹೌದಲ್ಲ! ನಮಗಿಬ್ಬರಿಗೂ ಹಂಚಿಕೊಟ್ಟು ನೀ ಸುಮ್ಮನ ಇದ್ದಿ," ಎಂದಳು ಪಾರ್ವತೆಮ್ಮ. "ಈಗ ಹೇಳು."

ಇಬ್ಬರೂ ಸೊಂಟಕ್ಕೆ ಕೈಕೊಟ್ಟು ಜೋಡಿಯಾಗಿ ನಿಂತರು. ಸಾಲು ಪೂರ್ತಿ ನೆಟ್ಟಗಾಗಿ ಕಿವಿಗೊಟ್ಟಿತು. ದುರುಗವ್ವ ಗಡ್ಡ ಅಂದರೂ ಕಷ್ಟ, ಕೂದಲು ಅಂದರೂ ಕಷ್ಟ.

"ನಾನ... ಅದು... ಸಸಿ ಕಡಿಮಿ ಬಿದ್ದಾವ, ತರ್ತೀನಿ ತಡೀರಿ."

"ಇಲ್ಲೇ ರಾಶಿ ಬಿದ್ದಾವಲ್ಲಬೇ!"

"ಮಾತು ಮುಗಿಸಿ ಹೋಗು ದುರುಗಕ್ಕ!"

ದುರುಗವ್ವ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು, ಆಗಲೇ ಬದುವಿನ ಮೇಲೆ ಬಿರಬಿರನೆ ನಡೆಯುತ್ತಿದ್ದಳು.