ಹೇಳಿದ ಜಾಗಕ್ಕೇ ಬಿದ್ದ ಚೆಂಡು

ಬಟ್ಟೆ ತೊಳೆಯುವ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಹುಡುಗಿಯರಿಗೆ ಚೆಂಡು ಎಸೆಯುವುದನ್ನು ಕಲಿಸುತ್ತಿದ್ದ ಹೆಂಗಸನ್ನು ಎಲ್ಲರೂ ಇಸ್ತ್ರಿ ಅತ್ತೆ ಎಂದೇ ಕರೆಯುತ್ತಿದ್ದರು. ಹಗಲೆಲ್ಲ ಹೋಟೆಲುಗಳ ಹಾಸಿಗೆ ಬಟ್ಟೆಯನ್ನು ಬಿಸಿ ಉರುಳೆಗಳ ಬಾಯಿಗೆ ಕೊಡುವುದು ಅವಳ ಕೆಲಸ. ಈ ಬದಿಯಲ್ಲಿ ಬಟ್ಟೆ ಒಂದು ಬೆರಳಿನಷ್ಟು ಸೊಟ್ಟಗೆ ಹೊಕ್ಕರೆ ಆ ಬದಿಯಲ್ಲಿ ಸುಕ್ಕಿನ ಮುದ್ದೆಯಾಗಿ ಹೊರಬೀಳುತ್ತದೆ. ಅವಳ ಕೈಯಿಂದ ಹೋದದ್ದು ಒಂದೂ ಹಾಗೆ ಬರುತ್ತಿರಲಿಲ್ಲ. ಅದು ಅವಳ ಜಂಬ, ಮತ್ತು ಆ ಜಂಬವನ್ನು ಅವಳೆಂದೂ ಮುಚ್ಚಿಟ್ಟವಳಲ್ಲ.

ಆಟ ಸಾಫ್ಟ್‌ಬಾಲ್. ಹೆಸರು ಕೇಳಿ ಚೆಂಡು ಮೆತ್ತಗಿರಬಹುದು ಅಂದುಕೊಂಡವರು ಒಂದು ಸಲ ಮೊಣಕಾಲಿಗೆ ತಿಂದು ನೋಡಬೇಕು. ಎಸೆಯುವವಳು ತೋಳನ್ನು ಗಿರಕಿ ಹೊಡೆಸಿ ಸೊಂಟದ ಪಕ್ಕದಿಂದ ಚೆಂಡು ಬಿಡುತ್ತಾಳೆ. ಎದುರಿಗೆ ದಾಂಡು ಹಿಡಿದವಳು, ಅವಳ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವವಳು. ಜೋರಾಗಿ ಎಸೆಯುವುದು ತೋಳಿದ್ದವರಿಗೆಲ್ಲ ಬರುತ್ತದೆ. ಬೇಕಾದ ಜಾಗಕ್ಕೆ ಎಸೆಯುವುದೇ ವಿದ್ಯೆ.

ಆ ವಿದ್ಯೆಗೆ ಅತ್ತೆ ಯಾವ ಶಾಲೆಗೂ ಹೋದವಳಲ್ಲ. ಹಳೆಯ ಬಟ್ಟೆಗಾಡಿಯೊಂದರ ಕಬ್ಬಿಣದ ಚೌಕಟ್ಟನ್ನು ನಿಲ್ಲಿಸಿ, ಅದಕ್ಕೆ ಅಡ್ಡಡ್ಡ ಉದ್ದುದ್ದ ಹಗ್ಗ ಬಿಗಿದು, ಒಂಬತ್ತು ಮನೆ ಮಾಡಿದ್ದಳು. ಮೇಲಿನ ಮೂರು ಎದೆಮಟ್ಟದವು, ಕೆಳಗಿನ ಮೂರು ಮೊಣಕಾಲಿನವು. ಹೊಸ ಹುಡುಗಿಯರನ್ನು ಚೌಕಟ್ಟಿನ ಮುಂದೆ ಮಾರುದೂರದಲ್ಲಿ ನಿಲ್ಲಿಸಿ, ತೋಳು ತಿರುಗಿಸಲು ಬಿಡದೆ, ಬರೀ ಮಣಿಕಟ್ಟಿನಿಂದ ಚೆಂಡು ಬಿಡಿಸುತ್ತಿದ್ದಳು. ಕೇಳಿದ ಮನೆಗೆ ಬಿದ್ದರೆ ಒಂದು ಹೆಜ್ಜೆ ಹಿಂದೆ. ತಪ್ಪಿದರೆ ಮತ್ತೆ ಮುಂದೆ.

"ಅತ್ತೆ, ಹೀಗೇ ಆದ್ರೆ ನಾನು ಮದ್ವೆ ಆಗೋ ಹೊತ್ತಿಗೆ ಎಸೆಯೋ ಗೆರೆ ಮುಟ್ತೀನಿ," ಎಂದು ಯಾರಾದರೂ ಗೊಣಗಿದರೆ, "ಮುಟ್ಟು. ಗಂಡನ ಕೈಲಿ ನೀರು ತರಿಸ್ಕೊಂಡು ಎಸಿ. ಈಗ ಬೆರಳು ನೋಡ್ಕೋ. ಚೆಂಡು ಬಿಟ್ಟ ಮೇಲೆ ಬೆರಳು ಎತ್ತ ತೋರುತ್ತೋ ಚೆಂಡು ಅತ್ತ ಹೋಗುತ್ತೆ, ನಿನ್ನ ಬಾಯಿ ತೋರಿದ ಕಡೆಗಲ್ಲ," ಎನ್ನುತ್ತಿದ್ದಳು.

ಅವಳ ಕೈಯಲ್ಲಿ ಪಳಗಿದವರಲ್ಲೆಲ್ಲ ಎತ್ತಿದ ಕೈ ಅಣ್ಣನ ಮಗಳದ್ದು. ಅಣ್ಣ ಅದೇ ಕಾರ್ಖಾನೆಯ ಗಾಡಿ ಓಡಿಸುತ್ತಿದ್ದ. ಅತ್ತಿಗೆ ಬೇಗ ತೀರಿಹೋದದ್ದರಿಂದ ಹುಡುಗಿಯ ತಲೆ ಬಾಚಿದ್ದು, ಜ್ವರಕ್ಕೆ ಹಣೆ ಒದ್ದೆ ಮಾಡಿದ್ದು ಎಲ್ಲ ಅತ್ತೆಯೇ. ಮರಿ ಎಂದೇ ಕರೆಯುತ್ತಿದ್ದಳು. ಮರಿ ಮಾತು ಕಡಿಮೆಯವಳು. "ಮೂಲೆ, ಕೆಳಗೆ" ಎಂದರೆ ಮೂಲೆ, ಕೆಳಗೆ. ಹಗ್ಗ ಅಲುಗುತ್ತಿರಲಿಲ್ಲ. ಅವಳ ಚೆಂಡು ಹಿಡಿಯುವ ಹುಡುಗಿ ದುಂಡಿ, "ನಾನು ಕೈಗವಸು ಇಟ್ಟು ನಿದ್ದೆ ಮಾಡ್ತೀನಿ ಅತ್ತೆ, ಚೆಂಡು ತಾನೇ ಬಂದು ಎಬ್ಬಿಸುತ್ತೆ," ಎಂದು ನಗಿಸುತ್ತಿದ್ದಳು.

ಜಾಗ ಹಿಡಿಯುವುದು ಅರ್ಧ ವಿದ್ಯೆ. ಯಾವ ಚೆಂಡು ಯಾವಾಗ ಎಂದು ಆರಿಸುವುದು ಇನ್ನರ್ಧ. ಆ ಅರ್ಧವನ್ನು ಅತ್ತೆ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಪಂದ್ಯದಲ್ಲಿ ಬೆಂಚಿನ ತುದಿಗೆ ಕೂತು ಮೊಣಕೈ ಮುಟ್ಟಿದರೆ ಒಳಗೆ, ಅಂದರೆ ದಾಂಡಿನವಳ ಮೈ ಪಕ್ಕಕ್ಕೆ; ಮಂಡಿ ಮುಟ್ಟಿದರೆ ಹೊರಗೆ ಕೆಳಗೆ, ಅವಳಿಂದ ದೂರದ ಮೂಲೆಗೆ; ಗಲ್ಲ ಮುಟ್ಟಿದರೆ ನಿಧಾನದ ಚೆಂಡು. ಎಸೆಯುವವಳು ಒಂದು ಸಲ ನೋಡಬೇಕು, ಹಾಕಬೇಕು. ತಲೆ ಅಲ್ಲಾಡಿಸುವ ಹಾಗಿಲ್ಲ. "ಯೋಚ್ನೆ ನಂಗೆ ಬಿಡಿ. ಯೋಚ್ನೆ ಮಾಡೋ ಕೈ ನಡುಗುತ್ತೆ," ಎನ್ನುವುದು ಅವಳ ಕಟ್ಟಾಜ್ಞೆ.

ಹಿಂದೊಮ್ಮೆ ಒಬ್ಬಳು ತಲೆ ಅಲ್ಲಾಡಿಸಿದ್ದಳು. ಅವಳನ್ನು ಮೊಂಡಿ ಎನ್ನುತ್ತಿದ್ದರು. ಅತ್ತೆ ಮಂಡಿ ಮುಟ್ಟಿದರೆ ಮೊಂಡಿ ಬೇಡವೆಂದು ತಲೆ ಆಡಿಸಿ, ಎದೆಮಟ್ಟಕ್ಕೆ ಹಾಕಿ ಎದುರಿನವಳನ್ನು ಔಟ್ ಮಾಡಿದಳು. ಬಯಲೆಲ್ಲ ಚಪ್ಪಾಳೆ. ಅತ್ತೆ ಮಾತ್ರ ಅವಳನ್ನು ಆಟದಿಂದ ಎಬ್ಬಿಸಿ ಬೆಂಚಿಗೆ ಕೂರಿಸಿದಳು.

"ಔಟಾದ್ಲಲ್ಲ ಅತ್ತೆ?"

"ಆದ್ಲು. ತಲೆ ನಿಂದೇ ಅಂತಾದ್ರೆ ತೋಳೂ ಬೇರೆ ಕಡೆ ಇಟ್ಕೋ."

ಮೊಂಡಿ ಹಾಗೇ ಮಾಡಿದಳು. ಬಂದರಿನ ತಂಡಕ್ಕೆ ಹೋದಳು.

ವರ್ಷಗಳು ಉರುಳಿ, ಮರಿಯ ಸರದಿ ಬಂತು. ಕ್ರೀಡಾ ಹಾಸ್ಟೆಲಿನವರು ದೊಡ್ಡ ತಂಡಕ್ಕೆ ಎಸೆಯುವವಳೊಬ್ಬಳನ್ನು ಆರಿಸಲು ಬರುತ್ತಿದ್ದರು. ಬಂದರಿನ ತಂಡದ ಮೇಲಿನ ಪಂದ್ಯ ನೋಡಿ ಹೇಳುತ್ತೇವೆ ಎಂದಿದ್ದರು. ಮರಿ ಬಾಯಿ ಬಿಟ್ಟು ಏನನ್ನಾದರೂ ಬೇಕು ಎಂದದ್ದು ಅದೇ ಮೊದಲು. "ಅತ್ತೆ, ನಂಗೆ ಅಲ್ಲಿಗೆ ಹೋಗ್ಬೇಕು," ಎಂದಳು. ಅತ್ತೆಯ ಎದೆ ತುಂಬಿ ಬಂತು. "ಹೋಗ್ತೀಯ. ನಾನಿಲ್ವಾ?" ಎಂದಳು.

ಪಂದ್ಯದಲ್ಲಿ ಕೊನೆಯ ಸುತ್ತಿನವರೆಗೂ ಮರಿಯದ್ದೇ ಮೇಲುಗೈ. ಒಂದು ಓಟದ ಮುನ್ನಡೆಯಿತ್ತು, ಎದುರು ತಂಡದ ಇಬ್ಬರು ಓಟದ ದಾರಿಯ ನಡುವಿನ ನಿಲ್ದಾಣಗಳಲ್ಲಿ ಕಾದು ನಿಂತಿದ್ದರು, ಇನ್ನೊಬ್ಬಳು ಔಟಾದರೆ ಆಟ ಮುಗಿಯುತ್ತಿತ್ತು. ದಾಂಡು ಹಿಡಿದು ಬಂದವಳು ಮೊಂಡಿ.

ಅತ್ತೆ ಮೊಣಕೈ ಮುಟ್ಟಿದಳು. ಮರಿ ಒಳಗೆ ಹಾಕಿದಳು. ಮೊಂಡಿ ದಾಂಡು ಎತ್ತಲಿಲ್ಲ. ಮತ್ತೆ ಮೊಣಕೈ. ಮತ್ತೆ ಒಳಗೆ, ಪಕ್ಕೆ ಸವರುವ ಹಾಗೆ. ಮೊಂಡಿ ಹಿಂದೆ ಸರಿದಳು. ಹಾಗೆ ಸರಿದವಳಿಗೆ ಆಚೆ ಮೂಲೆ ಎಟುಕುವುದಿಲ್ಲ. ಎರಡು ಒಳಗೆ, ಒಂದು ಹೊರಗೆ: ಅತ್ತೆಯ ಬದುಕಿನ ಲೆಕ್ಕ ಅದು. ಮಂಡಿ ಮುಟ್ಟಿದಳು.

ಆದರೆ ಮೊಂಡಿ ಅಷ್ಟರಲ್ಲಿ ಮೆಲ್ಲಗೆ ಆಚೆ ಮೂಲೆಯ ಕಡೆಗೆ ಜರುಗಿದ್ದಳು. ಬೆಂಚಿನಿಂದ ಅದು ಕಾಣುವುದಿಲ್ಲ, ಎದುರಿಗೆ ನಿಂತವಳಿಗೆ ಕಾಣುತ್ತದೆ. ಮರಿ ಕಂಡಳು. ಕಂಡು, ತಲೆ ಅಲ್ಲಾಡಿಸಲಿಲ್ಲ. ಎಂದೂ ಮಾಡದಿದ್ದ ಕೆಲಸ ಮಾಡಿದಳು, ಎರಡನೆಯ ಸಲ ಬೆಂಚಿನ ಕಡೆ ನೋಡಿದಳು. ಕಣ್ಣಲ್ಲಿ ಕೇಳಿಕೆ ಇತ್ತು. ಹುಡುಗಿ ಹೆದರಿದ್ದಾಳೆ ಅಂದುಕೊಂಡು ಅತ್ತೆ ಅದೇ ಮಂಡಿಯನ್ನು ಇನ್ನೂ ಬಲವಾಗಿ ತಟ್ಟಿದಳು.

ಮರಿ ಹಾಕಿದಳು. ಹೊರಗೆ, ಕೆಳಗೆ, ಮೂಲೆಗೆ. ಅಷ್ಟು ಚೆಂದದ ಚೆಂಡನ್ನು ಅತ್ತೆ ತನ್ನ ಜನ್ಮದಲ್ಲೇ ಕಂಡಿರಲಿಲ್ಲ. ಚೆಂಡು ಕೈ ಬಿಡುವ ಮೊದಲೇ ಮೊಂಡಿ ಕಾಲು ಅಡ್ಡ ಹಾಕಿಯಾಗಿತ್ತು. ದಾಂಡಿಗೆ ಸಿಕ್ಕ ಚೆಂಡು ಬೇಲಿ ದಾಟಿ ಬೀದಿಗೆ ಬಿತ್ತು. ಕಾದು ನಿಂತಿದ್ದ ಇಬ್ಬರೂ, ಹಿಂದೆಯೇ ಮೊಂಡಿಯೂ ಸುತ್ತಿ ಬಂದರು; ಪಂದ್ಯ ಕೈತಪ್ಪಿತು.

ಮರಿ ಬೆಂಚಿನ ಹತ್ತಿರ ಬಂದಳು. ಅಳುತ್ತಿರಲಿಲ್ಲ.

"ನೀನು ಹೇಳಿದ ಜಾಗಕ್ಕೇ ಹಾಕಿದ್ನಲ್ಲ ಅತ್ತೆ?"

"ಹಾಕಿದೆ ಮಗಳೇ. ಕೂದಲೆಳೆ ತಪ್ಪಲಿಲ್ಲ."

"ಮತ್ತೆ?"

ಬೆಂಚಿನ ಹಿಂದೆ ಹಾಸ್ಟೆಲಿನ ತರಬೇತುದಾರ ಕಾಗದ ಮಡಿಸುತ್ತ ಜೊತೆಯವನಿಗೆ ಹೇಳುತ್ತಿದ್ದ: "ಕೈ ಚಿನ್ನ ಕಣಯ್ಯ. ಆದ್ರೆ ಪ್ರತಿ ಚೆಂಡಿಗೂ ಬೆಂಚು ನೋಡ್ತಾಳೆ. ಹಾಸ್ಟೆಲಿಗೆ ಅತ್ತೇನೂ ಸೇರಿಸ್ಕೊಳ್ಳೋಕಾಗುತ್ತಾ?" ಜೊತೆಯವನು ನಕ್ಕ. ಅದು ಮರಿಗೂ ಕೇಳಿಸಿತು.

ಎಲ್ಲರೂ ಚದುರಿದ ಮೇಲೆ ಮೊಂಡಿ ಬಂದು ನಿಂತಳು. ಗೆದ್ದವಳ ಗತ್ತು ಇರಲಿಲ್ಲ.

"ಅವಳನ್ನ ಬಯ್ಯಬೇಡಿ ಅತ್ತೆ. ಅವಳ ಚೆಂಡಿಗೆ ನಾನು ಹೊಡೀಲಿಲ್ಲ. ನಿಮಗೆ ಹೊಡೆದೆ. ಎರಡು ಒಳಗೆ ಬಂದ ಮೇಲೆ ನಂಗೆ ನೋಡೋದೇ ಬೇಕಿರಲಿಲ್ಲ."

"ನಾನೇ ಕಲಿಸಿದ್ದಲ್ವೇನೇ ನಿಂಗೆ," ಎಂದಳು ಅತ್ತೆ.

"ಅದಕ್ಕೇ," ಎಂದಳು ಮೊಂಡಿ. ಕಾಲು ಮುಟ್ಟಲು ಬಗ್ಗಿದಳೋ ಅಥವಾ ಶೂ ದಾರ ಕಟ್ಟಲೋ, ಅರ್ಧಕ್ಕೆ ತಡೆದು ಹೊರಟುಹೋದಳು.

ಮರಿ ಮನೆಯಲ್ಲಿ ಕೂಗಾಡಲಿಲ್ಲ, ಊಟ ಬಿಡಲಿಲ್ಲ. ಕೂಗಾಡಿದ್ದರೆ ಅತ್ತೆಯ ಹೊಟ್ಟೆ ತಣ್ಣಗಾಗುತ್ತಿತ್ತು. ಅವಳು ಸುಮ್ಮನೆ ಅಪ್ಪನಿಗೆ ಹೇಳಿ ಕಾರ್ಖಾನೆಯ ಮಡಿಸುವ ವಿಭಾಗಕ್ಕೆ ಸೇರಿಕೊಂಡಳು. ಉರುಳೆಯ ಈ ಬದಿಯಲ್ಲಿ ಅತ್ತೆ ಬಟ್ಟೆ ಕೊಟ್ಟರೆ ಆ ಬದಿಯಲ್ಲಿ ಮರಿ ಹಿಡಿದು, ಮೂಲೆಗೆ ಮೂಲೆ ಕೂಡಿಸಿ ಮಡಿಸುತ್ತಿದ್ದಳು. ನಡುವೆ ಹಬೆ. ಮೇಲ್ವಿಚಾರಕ ಮೆಚ್ಚಿಕೊಂಡ: "ನಿಮ್ಮ ಹುಡ್ಗಿ ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾಳಮ್ಮ. ಇಂಥವರು ಎಲ್ಲಿ ಸಿಗ್ತಾರೆ?" ಆ ರಾತ್ರಿ ಅತ್ತೆ ಅಣ್ಣನ ಮುಂದೆ, "ನಾನು ಅವಳ ಕೈ ಮಾತ್ರ ಬೆಳೆಸಿದೆ ಕಣೋ," ಎಂದಳು. ಅಣ್ಣ ಅನ್ನ ಕಲಸುತ್ತ, "ಏನೋ ಆಯ್ತು ಬಿಡು, ಹುಡ್ಗಿ ಕೆಲಸಕ್ಕೆ ಹತ್ತಿದಾಳಲ್ಲ," ಎಂದ. ಅವನಿಗೆ ಅದು ಆಟದ ಸೋಲು ಅಷ್ಟೇ.

ಒಂದು ರಜೆಯ ಸಂಜೆ ಅತ್ತೆ ಗೋಗರೆದು ಅವಳನ್ನು ಬಯಲಿಗೆ ಕರೆದೊಯ್ದಳು. ದುಂಡಿಯೂ ಬಂದಳು. ಅತ್ತೆ ತಾನೇ ದಾಂಡು ಹಿಡಿದು ಎದುರು ನಿಂತಳು.

"ನಿನ್ನ ಇಷ್ಟ ಬಂದದ್ದು ಹಾಕು ಮರಿ. ನನ್ನ ಕಾಲು ನೋಡು, ದಾಂಡು ನೋಡು. ನಿಂಗೆ ಏನು ತೋಚುತ್ತೋ ಅದು."

ಮರಿ ಚೆಂಡು ಹಿಡಿದು ನಿಂತಳು. ತೋಳು ಹಿಂದಕ್ಕೆ ಹೋಯಿತು, ನಿಂತಿತು, ಕೆಳಗಿಳಿಯಿತು. ಅತ್ತೆ ಬೇಕೆಂದೇ ಹಿಂದೆ ಸರಿದು ನಿಂತು ಆಚೆ ಮೂಲೆಯನ್ನು ಖಾಲಿ ಬಿಟ್ಟಳು. ಎಳೆಮಗುವಿಗೂ ಕಾಣುವಂತೆ ಬಿಟ್ಟಳು. ಮರಿ ನೋಡಿದಳು. ಮತ್ತೆ ಅತ್ತೆಯ ಮುಖ ನೋಡಿದಳು.

"ಎಲ್ಲಿಗೆ ಹಾಕ್ಲಿ ಅತ್ತೆ?"

"ನೀನೇ ಹೇಳು."

"ನೀನು ಹೇಳಿದ್ರೆ ಹಾಕ್ತೀನಿ."

"ತಪ್ಪಾದ್ರೆ ಆಗ್ಲಿ, ಮರಿ. ಆಕಾಶಕ್ಕೆ ಹಾಕು. ಬೀದಿಗೆ ಹಾಕು. ನಂಗೇ ಹೊಡಿ ಬೇಕಾದ್ರೆ!"

ದುಂಡಿ ಕೈಗವಸು ಹಿಡಿದು ಕಾದಳು. ಮರಿಯ ಹಣೆಯಲ್ಲಿ ಬೆವರು ಸಾಲಿಟ್ಟಿತು, ಬೆರಳು ಚೆಂಡಿನ ಹೊಲಿಗೆಯ ಮೇಲೆ ಹುಡುಕಾಡಿತು. ಮರಿಯ ಕೈ ನಡುಗಿದ್ದನ್ನು ಅತ್ತೆ ಅಲ್ಲಿಯವರೆಗೆ ಕಂಡೇ ಇರಲಿಲ್ಲ. ತನ್ನ ಕೈ ತಾನಾಗಿ ಮಂಡಿಯ ಕಡೆ ಇಳಿಯುತ್ತಿರುವುದು ಗೊತ್ತಾಗಿ ದಾಂಡನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ನಂಗೆ ಬರಲ್ಲ ಅತ್ತೆ," ಎಂದಳು ಮರಿ. ಕೋಪದ ಸುಳಿವೂ ಇಲ್ಲದ ಮೆಲುದನಿಯಲ್ಲಿ ಹೇಳಿದಳು. ನಡೆದು ಬಂದು ಚೆಂಡನ್ನು ದುಂಡಿಯ ಕೈಗವಸಿನಲ್ಲಿ ಇಟ್ಟಳು. ಅತ್ತೆಯ ಸೆರಗಿಗೆ ಅಂಟಿದ್ದ ಮಣ್ಣು ಕೊಡವಿ, "ಬಾ, ಕತ್ತಲಾಗುತ್ತೆ," ಎಂದು ಅವಳ ಕೈ ಹಿಡಿದುಕೊಂಡಳು. ಅತ್ತೆ ಕಾಲು ಕೀಳದೆ ಅಲ್ಲೇ ನಿಂತಳು. ಮರಿಯೂ ಕೈ ಬಿಡದೆ, ಅತ್ತೆ ಮುಂದೆ ನಡೆಯಲಿ ಎಂದು ಕಾಯುತ್ತ ನಿಂತಳು.