ಗೆಂಡೆಹಳ್ಳಿಯಿಂದ ಅಕ್ಕನನ್ನು ಬಿಡಿಸಿ ತರಲು ಹೋದದ್ದು

ನಾನೂ ದೊಡ್ಡಮ್ಮನ ಮಗಳು ಅಕ್ಕನೂ ಒಂದೇ ಇಯರ್‌ಫೋನನ್ನು ಇಬ್ಬರೂ ಒಂದೊಂದು ಕಿವಿಗೆ ಸಿಕ್ಕಿಸಿಕೊಂಡು ಆ ಸೀರಿಯಲ್ ನೋಡುತ್ತಿದ್ದೆವು. ಕನ್ನಡಕ್ಕೆ ಡಬ್ ಆದದ್ದು. ಯಾವುದೋ ಗ್ರಹ, ಆಕಾಶದಲ್ಲಿ ತೇಲುವ ಜೈಲು, ಮುಟ್ಟಿದರೆ ಯಂತ್ರಗಳನ್ನೆಲ್ಲ ನಿಲ್ಲಿಸಿಬಿಡುವ ನಾಯಕಿ. ಅವಳು ಕಾವಲುಗಾರ್ತಿಯ ವೇಷ ಹಾಕಿ ಜೈಲಿನೊಳಗೆ ಹೋಗಿ ಗೆಳತಿಯನ್ನು ಬಿಡಿಸಿಕೊಂಡು ಬರುವ ಭಾಗವನ್ನು ಬಾಣಾವರದ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಅಕ್ಕನಿಗೆ ಡೈಲಾಗುಗಳೆಲ್ಲ ಬಾಯಿಪಾಠ. ನನಗೆ ತಪ್ಪು ಹುಡುಕುವುದೇ ಕೆಲಸ. ಅಷ್ಟು ದೊಡ್ಡ ಜೈಲಿನಲ್ಲಿ ಹೊಸಬಳನ್ನು ಒಬ್ಬರಾದರೂ 'ಯಾವೂರಮ್ಮಾ, ಯಾರ ಮಗಳು' ಎಂದು ಕೇಳುವುದಿಲ್ಲವಲ್ಲ, ನಮ್ಮ ಬಸ್‌ಸ್ಟ್ಯಾಂಡಿನಲ್ಲೇ ಕೇಳುತ್ತಾರೆ ಎಂದು ರೇಗುತ್ತಿದ್ದೆ.

ಅಕ್ಕನನ್ನು ಗೆಂಡೆಹಳ್ಳಿ ಕಡೆಗೆ ಕೊಟ್ಟರು. ಮದುವೆಯಾಗಿ ಸ್ವಲ್ಪ ದಿನಕ್ಕೇ ಅವಳ ಫೋನು ಕೆಟ್ಟಿತಂತೆ, ರಿಪೇರಿಯಾಗಲೇ ಇಲ್ಲ. ಮಾತಾಡಬೇಕೆಂದರೆ ಅವಳ ಅತ್ತೆಯ ಫೋನಿಗೇ ಮಾಡಬೇಕು, ಅದೂ ಸ್ಪೀಕರಿನಲ್ಲಿ. "ಚೆನ್ನಾಗಿದೀನಿ ಕಣೇ" ಎನ್ನುವುದು ಬಿಟ್ಟು ಬೇರೆ ಮಾತೇ ಇರುತ್ತಿರಲಿಲ್ಲ. ಒಂದು ಸಲ ಮಾತ್ರ, "ಆ ಸೀರಿಯಲ್ ಮತ್ತೆ ನೋಡ್ತಿದೀನಿ. ಅವಳು ಜೈಲಲ್ಲಿ ಸಿಕ್ಕಾಕ್ಕೊಂಡವಳೆ, ಯಾರೂ ಬಂದಿಲ್ಲ" ಎಂದಳು. ಕೈಯಲ್ಲಿ ಫೋನೇ ಇಲ್ಲದವಳು ಎಲ್ಲಿಂದ ನೋಡುತ್ತಾಳೆ? ಹೇಳಿದ್ದು ತನ್ನದೇ ಕಥೆ ಎಂದು ನನಗೆ ತಿಳಿಯಿತು.

ದೊಡ್ಡಪ್ಪನಿಗೆ ಹೇಳಿದರೆ, "ಹೊಡೀತಾರಾ? ಇಲ್ಲ. ಹೊಟ್ಟೆಗೆ ಹಾಕ್ತಾರೆ ತಾನೆ? ಮತ್ತಿನ್ನೇನು?" ಎಂದರು. ನಿಜ, ಹೊಡೆಯುತ್ತಿರಲಿಲ್ಲ. ಗೇಟು ದಾಟಲು ಬಿಡುತ್ತಿರಲಿಲ್ಲ, ಅಷ್ಟೆ. ಆ 'ಅಷ್ಟೆ'ಯನ್ನು ಯಾರಿಗೂ ಅರ್ಥಮಾಡಿಸಲು ನನ್ನಿಂದ ಆಗಲಿಲ್ಲ. ದೊಡ್ಡಮ್ಮ ಮಗಳನ್ನು ಕಳಿಸಿಕೊಡಿ ಎಂದು ಕೇಳಿದಾಗಲೆಲ್ಲ ಅತ್ತೆಯದು ಒಂದೇ ಉತ್ತರ: "ಸುಮ್ಸುಮ್ನೆ ಯಾಕ್ರೀ? ಶುಭಕಾರ್ಯ ಇದ್ರೆ ಹೇಳಿ, ಕಳಿಸ್ತೀವಿ."

ಸರಿ, ಶುಭಕಾರ್ಯವನ್ನೇ ಹುಟ್ಟಿಸೋಣ ಎಂದೆ. ನಮ್ಮ ಮನೆಯ ಮೇಲೆ ಅರ್ಧ ಕಟ್ಟಿ ಬಿಟ್ಟ ಮಹಡಿಯಿತ್ತು. ಅದಕ್ಕೆ ಗೃಹಪ್ರವೇಶ, ಹಾಲುಕ್ಕಿಸಲು ಮನೆಮಗಳೇ ಬೇಕು, ಈಗಲೇ ಕಳಿಸಿ ಎನ್ನುವುದು. ಒಮ್ಮೆ ಬಾಣಾವರ ಮುಟ್ಟಿದಳೆಂದರೆ ತಿರುಗಿ ಕಳಿಸಿದರಲ್ಲವೆ! ಕುಂಕುಮ ಕೊಟ್ಟು ಕರೆಯಲು ಹೆಂಗಸರು ಇಬ್ಬರಾದರೂ ಹೋಗಬೇಕು, ಒಬ್ಬಳೇ ಹೋಗುವುದು ನಮ್ಮಲ್ಲಿಲ್ಲ. ನಾನೂ ದೊಡ್ಡಮ್ಮನೂ ಹೊರಟೆವು. ಸೀರೆ ಎಂದರೆ ಮೂಗು ಮುರಿಯುವ ನಾನು ಅವತ್ತು ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದೆ. ನನ್ನ ವೇಷ ಅದೇ. ಬಸ್ಸು ಜಾವಗಲ್ ದಾಟಿದ ಮೇಲೂ, ಅಕ್ಕನನ್ನು ಈಗಲೇ ಕಳಿಸಿ ಎಂದಷ್ಟೇ ಕೇಳಬೇಕೆಂದು ದೊಡ್ಡಮ್ಮನಿಗೆ ಪಾಠ ಹೇಳಿಕೊಡುತ್ತಲೇ ಇದ್ದೆ. ಹಳೇಬೀಡಿನಲ್ಲಿ ಹತ್ತಿದ ಹೆಂಗಸೊಬ್ಬಳು ಕುಂಕುಮದ ಭರಣಿ ನೋಡಿ "ಏನ್ ವಿಶೇಷ?" ಎಂದು ಕೇಳಿದಾಗ, ದೊಡ್ಡಮ್ಮ ತಡವರಿಸದೆ "ಗೃಹಪ್ರವೇಶ" ಎಂದರು. ನನಗೆ ಧೈರ್ಯ ಬಂತು.

ಆ ಮನೆಯ ಬಾಗಿಲು ಹಾರುಹೊಡೆದಿತ್ತು. ಅತ್ತೆ ನಗುನಗುತ್ತಾ ಚಾಪೆ ಹಾಸಿ ಕೂರಿಸಿ ಮಜ್ಜಿಗೆ ಕೊಟ್ಟರು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಅಕ್ಕ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಳು. ಸೊರಗಿದ್ದಳು. ಗೃಹಪ್ರವೇಶ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಮುಖ ನೋಡಿದಳು, ಅವಳಿಗೆ ಎಲ್ಲವೂ ತಿಳಿದುಹೋಯಿತು.

ದೊಡ್ಡಮ್ಮ ಎದ್ದು ಭರಣಿ ತೆರೆದು ಬೀಗಿತ್ತಿಯ ಹಣೆಗೆ ಕುಂಕುಮ ಇಟ್ಟರು. ಇಟ್ಟ ಮೇಲೆ ಹೇಳಬೇಕಾದ ಮಾತೊಂದು ಅವರ ನಾಲಿಗೆಯಲ್ಲಿ ಕೂತು ನಲವತ್ತು ವರ್ಷವಾಗಿರಬೇಕು. "ಮನೆಮಂದಿಯೆಲ್ಲ ಒಂದಿನ ಮುಂಚೇನೇ ಬಂದು ನಡೆಸ್ಕೊಡಬೇಕು ಕಣ್ರೀ" ಎಂದುಬಿಟ್ಟರು.

"ಅಯ್ಯೋ, ಬರದೆ ಇರ್ತೀವಾ? ನಾವೆಲ್ಲಾ ಬತ್ತೀವಿ, ಇವಳನ್ನ ನಾವೇ ಕರ್ಕೊಂಡು ಬತ್ತೀವಿ. ಈಗ್ಲೇ ಯಾಕೆ ನಿಮಗೆ ತೊಂದ್ರೆ?" ಎಂದರು ಅತ್ತೆ.

"ಅಲ್ಲ, ಹಾಲುಕ್ಕಿಸೋಕೆ ಅಕ್ಕ ಮೊದಲೇ..." ಎಂದೆ.

"ಮೊದಲೇ ಬತ್ತೀವಲ್ಲ, ಒಂದಿನ ಮುಂಚೆ." ಅವರ ದನಿಯಲ್ಲಿ ಕೊಂಕೇ ಇರಲಿಲ್ಲ. ಕರೆದ ಮೇಲೆ 'ನೀವು ಬರಬೇಡಿ' ಎನ್ನುವ ಬಾಯಿ ಯಾರಿಗಿದೆ?

ಹೊರಡುವಾಗ ಎಲೆ ಅಡಿಕೆ ಕೊಟ್ಟು ಕುಂಕುಮ ಇಟ್ಟವಳು ಅಕ್ಕನೇ. ಅವಳ ಬೆರಳು ತಣ್ಣಗಿತ್ತು. ಗೇಟಿನ ತನಕ ಬಂದಳು, ಒಳಗೇ ನಿಂತಳು. ಬೇಲೂರಿನಲ್ಲಿ ಅರಸೀಕೆರೆ ಬಸ್ಸಿಗೆ ಕಾಯುತ್ತಾ ದೊಡ್ಡಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತರು. ನನಗೆ ಅವರ ಮೇಲೆ ಸಿಟ್ಟು ಕುದಿಯುತ್ತಿತ್ತು. ಅಷ್ಟೇ ಅಯ್ಯೋ ಎನಿಸುತ್ತಿತ್ತು.

ಈಗ ಇಲ್ಲದ ಗೃಹಪ್ರವೇಶವನ್ನು ನಿಲ್ಲಿಸಬೇಕಿತ್ತು. ಕುಂಕುಮ ಕೊಟ್ಟು ಕರೆದ ಕಾರ್ಯ ಸಾವಾದರೆ ಮಾತ್ರ ನಿಲ್ಲುತ್ತದೆ. ದೊಡ್ಡಮ್ಮ ಫೋನ್ ಮಾಡಿ, "ದಾಯಾದಿಗಳ ಮನೇಲಿ ಸಾವಾಗೈತೆ, ಸೂತಕ" ಎಂದರು. ಯಾರು ಎಂದು ಅತ್ತೆ ಎಷ್ಟು ಕೇಳಿದರೂ ಹೇಳಲಿಲ್ಲ. ಬದುಕಿರುವವರನ್ನು ಬಾಯಲ್ಲಿ ಸಾಯಿಸಲು ಅವರ ಜೀವ ಒಪ್ಪಲಿಲ್ಲ. "ಹಿರೀಕರೊಬ್ರು" ಎಂದಷ್ಟೇ ಅಂದು ಫೋನನ್ನು ನನ್ನ ಕೈಗೆ ತುರುಕಿದರು.

ಆ ಕಡೆಯಿಂದ ಅಕ್ಕನ ದನಿ ಬಂತು. "ಯಾರು ಕಣೇ? ಅಜ್ಜೀನಾ?"

"ಅಜ್ಜಿ ಚೆನ್ನಾಗವ್ರೆ."

"ಮತ್ತೆ? ನಿಜಾನೇನೇ? ನಿಜವಾಗ್ಲೂ ಹೋದ್ರಾ?"

ಸ್ಪೀಕರಿನಲ್ಲಿ ಅತ್ತೆಯ ಉಸಿರು ಕೇಳುತ್ತಿತ್ತು. ಯಾರೂ ಸತ್ತಿಲ್ಲ ಕಣೇ, ಸುಳ್ಳು, ಇದೂ ಸುಳ್ಳು ಎಂದು ಕೂಗಬೇಕೆನಿಸಿತು.

"ಹೂಂ, ನಿಜ" ಎಂದೆ.

ಅಕ್ಕ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅತ್ತೆ ಫೋನು ತೆಗೆದುಕೊಂಡರು. ದನಿಯಲ್ಲಿ ಮರುಕವಿತ್ತು.

"ಅಳ್ಬೇಡ ಅಂತ ನಾನ್ ಹೇಳ್ತೀನಿ ಬಿಡಮ್ಮ. ಕೊಟ್ಟ ಹೆಣ್ಣು, ಇವಳಿಗೆ ಸೂತಕ ತಟ್ಟಲ್ಲ, ಬರೋದೇನೂ ಬೇಡ. ಹಿರೀಕರು ಹೋಗವ್ರೆ ಅಂದ್ಮೇಲೆ ವರ್ಷ ತುಂಬೋವರೆಗೂ ನಿಮ್ಮನೇಲಿ ಯಾವ ಶುಭಕಾರ್ಯಾನೂ ಇಟ್ಕೋಬೇಡಿ. ಅಲ್ಲೀವರೆಗೂ ಇವಳು ಇಲ್ಲೇ ಇರ್ತಾಳೆ."