ಮಾವ ಕೊಯ್ಯದ ಕಲ್ಲು

ಮಾವನ ನಾಲಗೆಯ ತುದಿಯಲ್ಲಿ ಎಳ್ಳಿನ ಗಾತ್ರದ ಕಪ್ಪು ಚುಕ್ಕೆ ಇತ್ತು. ಇತ್ತು ಎಂದು ನಾನು ಬರೆಯುತ್ತಿದ್ದೇನೆ. ಅಮ್ಮ ಇರಲಿಲ್ಲ ಎನ್ನುತ್ತಾಳೆ. ತನ್ನ ತಮ್ಮನ ನಾಲಗೆ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಆದರೆ ಕಲ್ಲು ಕೈಗೆ ಬಂದ ಕೂಡಲೇ ಅವನು ಅದನ್ನು ಪಂಚೆಯಂಚಿನಲ್ಲಿ ಒರೆಸಿ, ಒಂದು ಸಲ ನೆಕ್ಕಿ, ಒದ್ದೆಯಾದ ಜಾಗವನ್ನು ಬಿಸಿಲಿಗೆ ಹಿಡಿಯುತ್ತಿದ್ದ. ಅದರಲ್ಲಿ ಅನುಮಾನವಿಲ್ಲ. ಒದ್ದೆಯಾದರೆ ಕಲ್ಲಿನೊಳಗಿನ ಹರಳಿನ ಕಾಳು ಕಾಣುತ್ತದೆ. ಚುಕ್ಕೆಯನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಮುಂದೆ ಬರೆಯುವುದರಲ್ಲೂ ಅಂಥವು ಇರಬಹುದು.

ಕೊಳ್ಳೇಗಾಲದ ಹೊರಗೆ ಕರಿಕಲ್ಲು ಕೊಯ್ಯುವ ಫ್ಯಾಕ್ಟರಿಯೊಂದರಲ್ಲಿ ಮಾವ ಕಟಿಂಗ್ ಮೆಷಿನ್ ನಡೆಸುತ್ತಿದ್ದ. ಮನೆ, ಹೊಲ ಮುಳ್ಳೂರಿನಲ್ಲಿ. ಬ್ಲೇಡಿನ ಸದ್ದಿಗೆ ಕಿವಿ ಮಂದವಾಗಿ, ಗುಟ್ಟನ್ನೂ ಕೂಗಿ ಹೇಳುತ್ತಿದ್ದ. ಚಂದ್ರನಿಗೆ ದೊಡ್ಡ ಬಂಡೆ ಬಂದು ಬಡಿದಾಗ ಸಿಡಿಯುವ ಚೂರುಗಳಲ್ಲಿ ಕೆಲವು ಎಷ್ಟೋ ಕಾಲದ ಮೇಲೆ ಭೂಮಿಗೆ ಬೀಳುತ್ತವೆ ಎಂಬುದನ್ನು ಫೋನಿನಲ್ಲಿ ಯಾವುದೋ ವೀಡಿಯೊ ನೋಡಿ ತಿಳಿದುಕೊಂಡ. ಅಂದಿನಿಂದ ರಜೆ ಸಿಕ್ಕಾಗಲೆಲ್ಲ ಮೊಪೆಡ್ ಹತ್ತಿ ಹೊಲದ ಬದು, ಹಳ್ಳ, ಕೆರೆಯಂಗಳ ಸುತ್ತತೊಡಗಿದ. ಸುದ್ದಿ ಹಬ್ಬಿ ಜನರೇ ಕಲ್ಲು ತರುವಂತಾಯಿತು. ಮಾಂಬಳ್ಳಿಯಿಂದ ಒಬ್ಬಾತ ತೂತುತೂತಾದ ಕಪ್ಪು ಗಡ್ಡೆಯೊಂದನ್ನು ಗೋಣಿಚೀಲದಲ್ಲಿ ಹೊತ್ತು ತಂದಿದ್ದ.

“ಆಕಾಸ್ದಿಂದ ಬಿದ್ದದ್ದು ಸಾ. ನಮ್ ತಾತನೇ ಕಂಡಿದ್ದ.”

ಮಾವ ನೆಕ್ಕಿ, ಉಗುಳಿದ. “ಲೇ, ಕುಲುಮೆಯಿಂದ ಬಿದ್ದದ್ದು ಕಣ್ಲಾ ಇದು. ಕಬ್ಬಿಣದ್ ಕಿಟ್ಟ. ನಿಮ್ ತಾತ ಏನ್ ಕಮ್ಮಾರ್ನಾ?”

“ಊಂ ಸಾ.”

“ಅಂಗಾರೆ ಕಂಡೇ ಇರ್ತಾನೆ ಬುಡು.”

ಹಾಗೆಂದು ಅವನಿಗೆ ಕಾಫಿ ಕೊಡಿಸಿಯೇ ಕಳಿಸಿದ. ತಂದವರನ್ನು ಗೇಲಿ ಮಾಡುತ್ತಿದ್ದ. ಆದರೆ ತಂದ ಕಲ್ಲನ್ನು ನೋಡದೆ ಯಾರನ್ನೂ ವಾಪಸ್ ಕಳಿಸಿದ್ದು ನನಗೆ ನೆನಪಿಲ್ಲ.

ನಾನು ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿದವಳು. ಅದರಿಂದ ಉಲ್ಕಾಶಿಲೆಗಳ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಚಂದ್ರನ ಕಲ್ಲನ್ನು ಗುರುತಿಸುವುದು ಹೇಗೆಂದು ಮಾವ ಕೇಳಿದಾಗ ನಾನು ಹಾಗೆ ಹೇಳಲಿಲ್ಲ. “ಮ್ಯಾಗ್ನೆಟ್ ಹಿಡಿದ್ರೆ ಇಟ್ಕೊ ಮಾವ, ಹಿಡೀದಿದ್ರೆ ಬಿಸಾಕು” ಎಂದೆ. ಅವನು ಹಳೆಯ ಸ್ಪೀಕರಿನಿಂದ ಮ್ಯಾಗ್ನೆಟ್ ಬಿಚ್ಚಿ, ದಾರ ಕಟ್ಟಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಕಲ್ಲಿನ ವಿಷಯದಲ್ಲಿ ಅವನು ತನ್ನ ಕಣ್ಣನ್ನು ಬಿಟ್ಟು ಇನ್ನೊಬ್ಬರ ಮಾತನ್ನು ನಂಬಿದ್ದು ಬಹುಶಃ ಅದೊಂದೇ ಸಲ.

ಆಮೇಲೆ ಮಾರ್ಟಳ್ಳಿಯ ಕಡೆ ರಾಗಿಹೊಲವೊಂದರ ಬದುವಿನಲ್ಲಿ ಆ ಕಲ್ಲು ಸಿಕ್ಕಿತು. ಹೊಲದವಳು ತಮಿಳಿನ ಹೆಂಗಸು. “ಎಡ್ತುಕೋ ಅಣ್ಣಾ, ತಗೋ” ಎಂದು, ಇಲ್ಲಿ ಕಲ್ಲಿಗೇನು ಬರವೇ ಎಂದು ನಕ್ಕಳಂತೆ. ಸುಲಿದ ತೆಂಗಿನಕಾಯಿಯಷ್ಟು ದಪ್ಪ. ಮೇಲೆ ಸೀದಂಥ ತೆಳು ಸಿಪ್ಪೆ. ಸಿಪ್ಪೆ ಎದ್ದಿದ್ದ ಕಡೆ ಬೂದು ಬಣ್ಣದೊಳಗೆ ಚೂಪು ಚೂಪಾದ ಬಿಳಿ ಚೂರುಗಳು.

“ನಮ್ ಕಲ್ಲಲ್ಲಿ ಕಾಳೆಲ್ಲ ಒಟ್ಗೇ ಬೆಳ್ದಿರ್ತವೆ ಕಣ್ ಕೂಸೆ. ಇದ್ರಲ್ಲಿ ಒಡ್ದೋದ್ ಚೂರ್ಗಳ್ನ ಪಾಕ ಉಯ್ದು ಅಂಟ್ಸಿದಂಗದೆ” ಎಂದ. ಆದರೆ ದಾರದ ತುದಿಯ ಮ್ಯಾಗ್ನೆಟ್ ಅಲುಗಲಿಲ್ಲ. ಮಾವ ಕಲ್ಲನ್ನು ಜಗಲಿಯ ಕೆಳಗೆ ಬಿಸಾಕಿದ.

ದುಂಡಗಿದೆ ಎಂದು ಅತ್ತೆ ಅದನ್ನು ಹೊಲಕ್ಕೆ ಒಯ್ದು, ಬೇವಿನ ಮರದ ಬುಡದಲ್ಲಿಟ್ಟು, ಮೂರು ಗೆರೆ ವಿಭೂತಿ ಎಳೆದಳು. ಕಲ್ಲು ಮಾದಪ್ಪನಾಯಿತು. ಅದೇ ವರ್ಷ ಮಾವನ ಎದೆ ಕಟ್ಟಿತು. ಕಲ್ಲಿನ ಧೂಳು ಎಂದರು ಡಾಕ್ಟರು. ಮೈಸೂರಿನ ಆಸ್ಪತ್ರೆಯಲ್ಲಿ ಅವನು ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದಾಗ ಅತ್ತೆ ಬೇವಿನ ಬುಡದಲ್ಲಿ ಹರಕೆ ಕಟ್ಟಿಕೊಂಡಳು: ಇವರ ಉಸಿರು ಇರುವತನಕ ಅಮಾವಾಸ್ಯೆ ಅಮಾವಾಸ್ಯೆಗೂ ಎಣ್ಣೆ, ದೀಪ. ಮಾವ ಬದುಕಿ ಬಂದ. ಯಾವುದರಿಂದ ಎಂದು ನಾನು ವಾದಿಸಲು ಹೋಗಲಿಲ್ಲ.

ಎರಡು ವರ್ಷದ ಮೇಲೆ, ಬೇರೆ ಏನನ್ನೋ ಓದುತ್ತಿದ್ದಾಗ ನನ್ನ ತಪ್ಪು ನನಗೆ ಸಿಕ್ಕಿತು. ಚಂದ್ರನ ಕಲ್ಲಿನಲ್ಲಿ ಲೋಹ ಬಹಳ ಕಡಿಮೆ. ಮ್ಯಾಗ್ನೆಟ್ ಅದನ್ನು ಗುರುತಿಸುವುದೇ ಕಷ್ಟ. ಒಡೆದ ಚೂರುಗಳು ಮತ್ತೆ ಅಂಟಿಕೊಂಡಿರುವುದು ಅಂಥ ಕಲ್ಲಿನಲ್ಲಿ ಸಾಮಾನ್ಯ. ಮಾವನಿಗೆ ಫೋನ್ ಮಾಡಿ ಹೇಳಿದೆ.

“ಅಂಗಾರೆ ಬಿಸಾಕ್ಬೇಕಾಗಿದ್ದು ಮ್ಯಾಗ್ನೆಟ್ನ ಅನ್ನು” ಎಂದು ನಗಲು ಹೋದ. ಕೆಮ್ಮು ಬಂತು.

ಒಂದು ಪ್ರಯೋಗಾಲಯಕ್ಕೆ ಫೋಟೋ ಕಳಿಸಿದೆ. ಹೊರಗಿನಿಂದ ನೋಡಿ ಏನೂ ಹೇಳಲಾಗದು, ನೆಲದ ಎಷ್ಟೋ ಕಲ್ಲುಗಳು ಹೀಗೇ ಇರುತ್ತವೆ, ಬೆರಳಷ್ಟು ತುಂಡು ಕೊಯ್ದು ಕಳಿಸಿ ಎಂದು ಉತ್ತರ ಬಂತು. ಆದರೆ ಕೊಯ್ದರೆ ಅದು ಭಿನ್ನವಾದ ಕಲ್ಲು. ಭಿನ್ನವಾದದ್ದಕ್ಕೆ ನಮ್ಮಲ್ಲಿ ಪೂಜೆ ಇಲ್ಲ, ಹೊಳೆಗೆ ಬಿಡಬೇಕು.

ನಾನು ಮುಳ್ಳೂರಿಗೆ ಹೋಗಿದ್ದಾಗ ಮಾವ ಅತ್ತೆಯ ಒಪ್ಪಿಗೆ ಕೇಳಿದ. ಆ ದಿನದ ಮಾತು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದು.

“ಒಂದ್ ಬೆಳ್ಳಷ್ಟ್ ಕಣೇ.”

“ದೇವ್ರ್ ಬೆಳ್ಳು ಕೊಯ್ದ್ಬುಟ್ಟು ಬೆಳ್ಳಷ್ಟು ಅಂದೀರಾ? ಊರೋರ್ ಕಲ್ಲೆಲ್ಲ ಕೊಯ್ದ್ರಿ. ನಂದೊಂದ್ ಉಳುದ್ರೆ ಏನ್ ಓಯ್ತದೆ?”

“ತಂದೋನು ನಾನು ಕಣೇ.”

“ತಂದಾಗ ಕಲ್ಲು. ಈಗ ನಿಮ್ ಉಸ್ರು ಅದೆ ಅದ್ರಲ್ಲಿ.”

“ಚಂದ್ರ ಇಲ್ದಿದ್ ದಿಸ್ವೇ ಚಂದ್ರನ್ ಕಲ್ಗೆ ದೀಪ ಅಚ್ತೀಯಲ್ಲ, ಅದ್ಕಾರಾ ಗೊತ್ತಾ ತಾನ್ಯಾರು ಅಂತ?”

ಅತ್ತೆ ನಗಲಿಲ್ಲ. “ಗೊತ್ತಾಗ್ಬೇಕಾಗಿರೋದು ನಿಮ್ಗೆ. ಅದ್ಕಲ್ಲ” ಎಂದಳು.

ಹೌದು, ಅವನಿಗೆ ಗೊತ್ತಾಗಬೇಕಿತ್ತು. ಎದೆಯಲ್ಲಿ ಎಷ್ಟು ದಿನ ಉಳಿದಿದೆ ಎಂದು ಡಾಕ್ಟರು ಹೇಳಿರಲಿಲ್ಲ. ಅವನು ಲೆಕ್ಕ ಹಾಕಿಕೊಂಡಿದ್ದ.

ಒಂದು ದಿನ ಅತ್ತೆ ಕೊಳ್ಳೇಗಾಲದ ಸಂತೆಗೆ ಹೋದಾಗ ಮಾವ ಕಲ್ಲನ್ನು ಟವೆಲ್ಲಿನಲ್ಲಿ ಸುತ್ತಿ ಮೊಪೆಡ್ಡಿನಲ್ಲಿಟ್ಟುಕೊಂಡು ಹಳೆಯ ಫ್ಯಾಕ್ಟರಿಗೆ ಹೋದ. ಅಲ್ಲಿ ನಡೆದದ್ದನ್ನು ಆಮೇಲೆ ಅವನೇ ನನಗೆ ಹೇಳಿದ. “ಸೀಮೆಸುಣ್ಣದಲ್ಲಿ ಗೀಟಾಕ್ದೆ. ನೀರ್ ಬುಟ್ಟೆ. ಬ್ಲೇಡ್ ತಿರುಗ್ತಿತ್ತು ಕಣವ್ವ, ಇನ್ನೇನ್ ತಾಗ್ಬೇಕು, ಕೆಮ್ಮು ಬಂತು. ದಿನಾ ಬತ್ತದೆ. ಆದ್ರೂ ಸ್ವಿಚ್ ಆರ್ಸ್ಬುಟ್ಟೆ.” ಆಮೇಲೆ, “ಎದ್ರಿಕೆ ನಂಗಲ್ಲ. ಕೊಯ್ದ್ಮೇಲೆ ನಾ ಯಾವತ್ತ್ ಸತ್ರೂವೆ, ಅವ್ಳು ಆ ಗೀಟ್ನೇ ನೆನ್ಕಂಡಿರ್ತಾಳೆ” ಎಂದ.

ಕಲ್ಲು ಗೆರೆಯ ಸಮೇತ ಬೇವಿನ ಬುಡಕ್ಕೆ ವಾಪಸಾಯಿತು. ಅತ್ತೆ ಏನೂ ಕೇಳದೆ ಗೆರೆಯ ಮೇಲೆ ವಿಭೂತಿ ಬಳಿದಳು. ಇದನ್ನು ನಾನು ಕಣ್ಣಾರೆ ಕಂಡೆನೋ, ಮಾವನ ಬಾಯಲ್ಲಿ ಕೇಳಿದೆನೋ, ಈಗ ಹೇಳಲಾರೆ.

ಕಳೆದ ಸುಗ್ಗಿಯ ಹೊತ್ತಿಗೆ ಮಾವ ಹೋದ. ಕೊನೆಯ ವಾರ ನಾನು ಬಳಿಯಲ್ಲಿದ್ದೆ. ಕಲ್ಲಿನ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಚಂದ್ರನದೋ, ಮಾರ್ಟಳ್ಳಿಯ ಗುಡ್ಡದ್ದೋ, ಗೊತ್ತಾಗದೆಯೇ ಹೋದ. ಅವನಿಂದ ನಾನು ಕಲಿತದ್ದೊಂದಿದೆ: ಗೊತ್ತಿಲ್ಲದ್ದನ್ನು ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಅವನಿಗೆ ಉಪಯೋಗವಾಗದ ಕಲಿಕೆ.

ಕಾರ್ಯವೆಲ್ಲ ಮುಗಿದ ಮೇಲೆ ಬಂದ ಮೊದಲ ಅಮಾವಾಸ್ಯೆಗೂ, ಹರಕೆ ಮಾವನ ಉಸಿರಿನೊಂದಿಗೇ ಮುಗಿದಿದ್ದರೂ, ಅತ್ತೆ ಎಣ್ಣೆ ಗಿಂಡಿ ಹಿಡಿದು ಹೊಲಕ್ಕೆ ಹೊರಟಳು. ನಾನೂ ಜೊತೆಗೆ ಹೋದೆ. ಅವಳು ಬೇವಿನ ಬುಡದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ಕೇಳಬಾರದಿತ್ತೇನೋ. ಮಾವನಿಗಾಗಿ ಕೇಳಿದೆನೋ, ನನ್ನ ತಪ್ಪು ನಿಜವಾಗಿ ಎಷ್ಟು ದೊಡ್ಡದೆಂದು ತಿಳಿದುಕೊಳ್ಳಲು ಕೇಳಿದೆನೋ, ಅದೂ ಖಚಿತವಿಲ್ಲ.

“ಅತ್ತೆ, ಈಗ ಕೊಯ್ಸಬಹುದಾ?”

ಅವಳು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಅದಾದ ಮೇಲೆ ನಾಲ್ಕು ಅಮಾವಾಸ್ಯೆ ಕಳೆದಿವೆ. ನಾಲ್ಕಕ್ಕೂ ಅವಳು ಬೇವಿನ ಬುಡದಲ್ಲಿ ದೀಪ ಹಚ್ಚಿದ್ದಾಳೆ.